ರಂಗಮ್ಮನ ಅರವತ್ಮೂರು ದನ

ನೇರಲಸರದಲ್ಲಿ ದನ ಕಾಯುವುದು ಯಾರ ಕಸುಬೂ ಆಗಿರಲಿಲ್ಲ. ಅದು ಸರದಿ. ಹದಿನಾಲ್ಕು ಮನೆ, ಮನೆಗೊಂದು ದಿನ. ಸಂಜೆ ದನಗಳನ್ನು ಇಳಿಸಿಕೊಂಡು ಬಂದವರು ಕೈಯಲ್ಲಿದ್ದ ಕೋಲನ್ನು ಮುಂದಿನ ಮನೆಯ ಜಗಲಿಗೆ ಒರಗಿಸಿ ಹೋಗುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆದಾಗ ಕೋಲು ಕಂಡಿತೆಂದರೆ ಆ ಮನೆಯವರಿಗೆ ಅಂದು ಗದ್ದೆ ಇಲ್ಲ, ಪೇಟೆ ಇಲ್ಲ, ನೆಂಟರ ಮನೆ ಇಲ್ಲ. ಊರಿನ ಅಷ್ಟೂ ದನ ಹೊಡೆದುಕೊಂಡು ಬೋಳುಗುಡ್ಡ ಹತ್ತಬೇಕು. ಗುಡ್ಡದ ಮೇಲೆ ಇದು ನಮ್ಮನೆಯದು, ಅದು ಅವರ ಮನೆಯದು ಎಂದು ಬೇರೆ ಮಾಡುವಂತಿಲ್ಲ. ಹೊತ್ತು ಮುಳುಗುವವರೆಗೆ ಎಲ್ಲವೂ ಕೋಲು ಹಿಡಿದವರವೇ. ಚಿರತೆ ಒಂದು ಕರು ಹೊತ್ತೊಯ್ದರೂ ಊರಿಗೆ ಉತ್ತರ ಹೇಳಬೇಕಾದವರು ಅವರೇ.

ಗಜಾನನ ಭಟ್ಟರ ಮನೆಯ ಸರದಿ ಬಂದಾಗ ಮಾತ್ರ ಭಟ್ಟರ ಮನೆಯವರು ಯಾರೂ ಗುಡ್ಡ ಹತ್ತುತ್ತಿರಲಿಲ್ಲ. ಅವರ ಬದಲು ರಂಗಮ್ಮ ಹೋಗುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಅವಳು ಭಟ್ಟರ ಬ್ಯಾಣದಲ್ಲಿ ಹುಲ್ಲು ಕೊಯ್ಯಬಹುದು. ಬ್ಯಾಣ ಎಂದರೆ ಅಡಿಕೆ ತೋಟದ ಜೊತೆಗೆ ತೋಟದವರಿಗೆಂದೇ ಬಿಟ್ಟ ಹುಲ್ಲಿನ ಜಾಗ. ರಂಗಮ್ಮನ ಮಾವ ಭಟ್ಟರ ಅಪ್ಪನ ಗೇಣಿ ಒಕ್ಕಲು. ಕಾನೂನು ಬಂದಾಗ ಉಳುತ್ತಿದ್ದ ಒಂದೆಕರೆ ಗದ್ದೆ ಅವನ ಹೆಸರಿಗಾಯಿತು. ಉಳುವವನಿಗೆ ಭೂಮಿ ಎಂದವರು ಮೇಯುವ ದನಕ್ಕೆ ಎಲ್ಲಿ ಎಂದು ಹೇಳಲಿಲ್ಲ. ಬ್ಯಾಣ ಭಟ್ಟರಲ್ಲೇ ಉಳಿಯಿತು. ಅರ್ಧ ಶತಮಾನ ಕಳೆದ ಮೇಲೂ ಆ ಮನೆಯ ಸೊಸೆ ಹುಲ್ಲಿಗಾಗಿ ಇನ್ನೊಬ್ಬರ ಸರದಿ ಹೊರುತ್ತಿದ್ದಳು.

ಗಣತಿಯವಳು ಬಂದ ದಿನ ಕೋಲು ಇದ್ದದ್ದು ಭಟ್ಟರ ಜಗಲಿಯಲ್ಲಿ. ಹಾಗಾಗಿ ಗುಡ್ಡದ ಮೇಲೆ ಇದ್ದವಳು ರಂಗಮ್ಮ.

ಗಣತಿಯವಳ ಹೆಸರು ಸುಚಿತ್ರಾ. ಶಿವಮೊಗ್ಗದ ಹುಡುಗಿ, ಮಲೆನಾಡಿನ ಹುಲ್ಲುಗಾವಲು ಉಳಿಸಲು ಹೊರಟ ಒಂದು ಸಂಸ್ಥೆಯ ಕೆಲಸದವಳು. ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಬಂದವಳಿಗೆ ರಂಗಮ್ಮ ಮೊದಲು ನೀರು ಕೊಟ್ಟಳು.

"ಎಷ್ಟಿದಾವೆ ಅಮ್ಮಾ ದನ?"

"ಅರವತ್ಮೂರು. ಬೇಕಾರೆ ಎಣಿಸ್ಕ."

"ಇವುಗಳ ಜವಾಬ್ದಾರಿ ಯಾರದು?"

"ಕೋಲು ಯಾರ ಕೈಯಾಗೆ ಕಾಣ್ತದೆ ನಿಂಗೆ?"

"ನಿಮ್ಮ ಕೈಲಿ."

"ಮತ್ತೆಂತಕ್ಕೆ ಕೇಳದು. ಇವತ್ತು ಎಲ್ಲ ನಂದೇ."

ಸುಚಿತ್ರಾ ನಗುತ್ತಾ ಟ್ಯಾಬಿನಲ್ಲಿ ಬರೆದುಕೊಂಡಳು. ಗಂಡನ ಹೆಸರು ಗುತ್ಯಪ್ಪ ಎಂದು ಬರೆದಳು, ಫೋನ್ ನಂಬರು ಬರೆದಳು, ದನಗಳ ನಡುವೆ ನಿಲ್ಲಿಸಿ ಫೋಟೋ ತೆಗೆದಳು. ಆ ಫಾರಂನಲ್ಲಿ ‘ಇವತ್ತು’ ಎಂಬುದನ್ನು ತುಂಬಲು ಜಾಗ ಇರಲಿಲ್ಲ.

ಮೂರು ತಿಂಗಳ ನಂತರ ಶಾಲೆಯ ಜಗಲಿಯಲ್ಲಿ ಸಭೆ. ಯೋಜನೆ ಹೀಗಿತ್ತು: ಐದು ವರ್ಷ ಬೋಳುಗುಡ್ಡಕ್ಕೆ ದನ ಹತ್ತಿಸಬಾರದು, ಹತ್ತಿಸದ ಪ್ರತಿ ದನಕ್ಕೆ ವರ್ಷಕ್ಕೆ ಎರಡು ಸಾವಿರ. ದೂರದ ಯಾವುದೋ ಕಂಪನಿ ತಾನು ಬಿಟ್ಟ ಹೊಗೆಗೆ ಪ್ರಾಯಶ್ಚಿತ್ತವಾಗಿ ಈ ಹಣ ಕೊಡುತ್ತದೆ ಎಂದು ಸುಚಿತ್ರಾ ಬಿಡಿಸಿ ಹೇಳಿದಳು. ಹೊಗೆ ಬಿಟ್ಟವರು ಅವರು, ಗುಡ್ಡ ಬಿಡಬೇಕಾದವರು ಇವರು. ಇದರಲ್ಲಿ ಏನೋ ಸರಿಯಿಲ್ಲ ಎಂದು ಒಂದಿಬ್ಬರಿಗೆ ಅನ್ನಿಸಿದರೂ ಹಣದ ಮಾತು ನಡೆಯುತ್ತಿದ್ದುದರಿಂದ ಯಾರೂ ಬಾಯಿ ಬಿಡಲಿಲ್ಲ. ಇಂಗ್ಲಿಷ್ ಓದಲು ಬರುವ ಗಜಾನನ ಭಟ್ಟರು ಸಮಿತಿಯ ಅಧ್ಯಕ್ಷರಾದರು. ಒಪ್ಪಂದದ ಕಾಗದ ಎತ್ತಿ ಓದಿದರು.

"ದನಗಾಹಿ, ರಂಗಮ್ಮ ಕೋಂ ಗುತ್ಯಪ್ಪ. ದನಗಳು, ಅರವತ್ಮೂರು."

ಜಗಲಿ ತುಂಬ ನಗು. ಪಿಕಪ್ ಗಾಡಿ ಓಡಿಸುವ ದುರ್ಗೇಶ್ ಎದ್ದು ನಿಂತು ಕೈ ಮುಗಿದ. "ರಂಗಕ್ಕ, ರಾತ್ರೋರಾತ್ರಿ ಸಾಹುಕಾರ್ತಿ ಆಗ್ಬಿಟ್ಯಲ್ಲೆ. ನಾಳಿಂದ ನಮ್ಮನೆ ದನದ ಸಗಣೀನೂ ನೀನೇ ಬಾಚ್ಬೇಕು ನೋಡು."

"ನನ್ನವು ನಾಲ್ಕೇ ದನ. ತಪ್ಪು ಬರ್ದೀಯ, ತಿದ್ದು ಮಾರಾಯ್ತಿ" ಎಂದಳು ರಂಗಮ್ಮ ಸುಚಿತ್ರಾಳಿಗೆ.

ಸುಚಿತ್ರಾಳ ಮುಖ ಸಣ್ಣದಾಯಿತು. ತಿದ್ದಬೇಕೆಂದರೆ ಮತ್ತೆ ಗಣತಿಯಾಗಬೇಕು. ಪಟ್ಟಿ ನಾಳೆಯೇ ಮೇಲೆ ಹೋಗುತ್ತದೆ. ಈ ಸಲ ತಪ್ಪಿದರೆ ನೇರಲಸರದ ಹೆಸರು ಮತ್ತೆ ಯಾವಾಗ ಬರುತ್ತದೋ ಹೇಳಲಾಗದು.

ಭಟ್ಟರು ಕನ್ನಡಕ ತೆಗೆದರು. "ತಿದ್ದದು ಎಂತಕ್ಕೆ? ಹದಿನಾಲ್ಕು ಮನೆ, ಹದಿನಾಲ್ಕು ಪಾಸ್‌ಬುಕ್ಕು, ಹದಿನಾಲ್ಕು ಸಲ ಹೊಸನಗರಕ್ಕೆ ಓಡಾಟ. ಒಬ್ಬರ ಹೆಸರಲ್ಲಿ ಬಂದ್ರೆ ನಾವು ನಾವು ಹಂಚ್ಕಳನ. ರಂಗಮ್ಮ ಯಾರಿಗೂ ಮೋಸ ಮಾಡೋಳಲ್ಲ."

ಈ ಹೊಗಳಿಕೆ ಕೇಳಿ ಎಲ್ಲರೂ ಹೌದು ಹೌದು ಎಂದರು. ಗುತ್ಯಪ್ಪ ಮಾತ್ರ ಕಂಬಕ್ಕೆ ಒರಗಿಕೊಂಡೇ ಕೇಳಿದ. "ಆ ಹಿಂದಿನ ಹಾಳೇಲಿ ಸಣ್ಣಕ್ಷರದಾಗೆ ಎಂತೋ ಅದೆಯಲ್ಲ ಭಟ್ರೆ, ಅದನ್ನೂ ಓದಿ."

"ಅದು ಕಂಡೀಷನ್ನು. ಎಲ್ಲಾ ಕಾಗದದಲ್ಲೂ ಇರ್ತದೆ."

ರಂಗಮ್ಮ ಸಹಿ ಹಾಕಿದಳು. ಊರೇ ನೋಡುತ್ತಿರುವಾಗ ಬೇಡ ಎನ್ನಲು ಬಹಳ ಧೈರ್ಯ ಬೇಕು.

ಮಾರನೆಯ ವಾರ ಬೆಳಿಗ್ಗೆ ಎಂಟಕ್ಕೆ, ಗುಡ್ಡ ಹತ್ತುವ ಹೊತ್ತಿಗೆ, ಹದಿನಾಲ್ಕು ಕೊಟ್ಟಿಗೆಗಳಿಂದ ಒಟ್ಟಿಗೆ ಕೂಗು ಎದ್ದಿತು. ಅರವತ್ಮೂರು ದನ ಹಗ್ಗ ಜಗ್ಗುತ್ತಾ ಒಂದೇ ಸಮ ಕೂಗಿದವು. ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ. ಮಲೆನಾಡು ಗಿಡ್ಡ ಎಂದರೆ ಮನುಷ್ಯನ ಸೊಂಟದೆತ್ತರದ ದನ. ಹಾಲು ಒಂದು ಚೆಂಬು, ಹಟ ಒಂದು ಬಂಡಿ. ಗುಡ್ಡದಲ್ಲಿ ನೂರು ಕಡೆ ಬಾಯಿ ಹಾಕಿ ಹೊಟ್ಟೆ ತುಂಬಿಸಿಕೊಳ್ಳುವ ಜಾತಿ ಅದು. ಗೋದಲಿಯಲ್ಲಿ ಹಾಕಿದ ಒಣಹುಲ್ಲನ್ನು ಮೂಸಿ ತಲೆ ತಿರುಗಿಸುತ್ತದೆ. ಹತ್ತು ದಿನ ಕೂಗಿದ ದನಗಳು ಹನ್ನೊಂದನೆಯ ದಿನ ಸುಮ್ಮನಾದವು. ಆ ಸುಮ್ಮನಿರುವಿಕೆಯನ್ನು ಊರು ಒಪ್ಪಿಗೆ ಎಂದುಕೊಂಡಿತು.

ಹಣ ಬಂತು. ರಂಗಮ್ಮ ಹೊಸನಗರಕ್ಕೆ ಹೋಗಿ ತೆಗೆದು, ಅದೇ ಸಂಜೆ ಭಟ್ಟರ ಜಗಲಿಯಲ್ಲಿ ಕುಳಿತು ಅವರವರ ಪಾಲು ಅವರವರ ಕೈಗಿಟ್ಟಳು. ತನ್ನ ನಾಲ್ಕು ದನದ ಪಾಲು ಸೆರಗಿಗೆ ಕಟ್ಟಿಕೊಂಡಳು. ಆದರೆ ಆ ಹಣ ಕಟ್ಟಿಹಾಕಿದ ದನದ ಬಾಯಿಗೆ ನಾಲ್ಕು ತಿಂಗಳಿಗೂ ಸಾಲುತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲೇ ದುರ್ಗೇಶನ ಪಿಕಪ್ಪು ಕೊಟ್ಟಿಗೆಗಳ ಮುಂದೆ ನಿಲ್ಲತೊಡಗಿತು. ದನ ಆನಂದಪುರದ ಕಡೆ ಹೋಗುತ್ತವೆ, ಸಾಕುವವರಿಗೇ ಕೊಡುವುದು ಎಂದು ಅವನು ಹೇಳುತ್ತಿದ್ದ. ಮಾರಿದವರು ಅದನ್ನು ನಂಬಿದರು, ನಂಬದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಗುಡ್ಡ ಬಿಟ್ಟಿದ್ದಕ್ಕೆ ಹಣ, ದನ ಮಾರಿದ್ದಕ್ಕೂ ಹಣ. ಕೆಲವರು ಜೆರ್ಸಿ ತಂದು ಡೇರಿಗೆ ಹಾಲು ಹಾಕಿದರು. ಕೆಲವರು ಕೊಟ್ಟಿಗೆಗೆ ಶೀಟು ಹೊದಿಸಿ ಬೈಕು ನಿಲ್ಲಿಸಿದರು. ಭಟ್ಟರು ತಮ್ಮ ಹನ್ನೆರಡನ್ನೂ ಕಳಿಸಿ, ತೋಟಕ್ಕೆ ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರ ತರಿಸಿದರು. ಬ್ಯಾಣಕ್ಕೆ ಮುಳ್ಳುತಂತಿ ಎಳೆಸಿ ಅಡಿಕೆ ಸಸಿ ನೆಟ್ಟರು.

"ನಾ ಹುಲ್ಲು ಕೊಯ್ಯದು ಎಲ್ಲಿ ಹಂಗಾರೆ?" ಎಂದು ರಂಗಮ್ಮ ಕೇಳಿದಳು.

"ಈಗ ಸರದಿನೇ ಇಲ್ಲವಲ್ಲ ಮಾರಾಯ್ತಿ" ಎಂದರು ಭಟ್ಟರು. ಅವರ ಲೆಕ್ಕದಲ್ಲಿ ಅದು ನ್ಯಾಯವೇ.

ಎರಡನೆಯ ಯುಗಾದಿಯ ಹೊತ್ತಿಗೆ ಊರಲ್ಲಿ ಹನ್ನೊಂದು ದನ ಉಳಿದವು. ಏಳು ಜೆರ್ಸಿ, ನಾಲ್ಕು ಗಿಡ್ಡ. ಆ ನಾಲ್ಕೂ ರಂಗಮ್ಮನವು. ಕೌಲಿ ಎಂಬ ಮುದಿ ಹಸು, ಅದರ ಮಕ್ಕಳು ಕೆಂದಿ ಮತ್ತು ಸಿಂಗಾರಿ, ಸತ್ತ ಮುದಿ ಎತ್ತಿನ ಜಾಗಕ್ಕೆ ಹೊಸದಾಗಿ ಹುಟ್ಟಿದ ಕೆಂದಿಯ ಹೆಣ್ಣುಗರು.

ಯಾಕೆ ಮಾರಲಿಲ್ಲ ಎಂದರೆ ಅವಳು ಪ್ರೀತಿ ಗೀತಿ ಎಂದು ಹೇಳುತ್ತಿರಲಿಲ್ಲ. ಒಂದೆಕರೆ ಗದ್ದೆಗೆ ಗೊಬ್ಬರ ಬೇಕು. ಲಾರಿ ಗೊಬ್ಬರ ಕೊಳ್ಳುವವರು ಅವರಲ್ಲ. ದನ ಹೋದರೆ ಗದ್ದೆ, ಗದ್ದೆ ಹೋದರೆ ಭಟ್ಟರ ತೋಟದ ಕೂಲಿ. ಮಾವ ಬಿಟ್ಟು ಬಂದ ಅಂಗಳಕ್ಕೆ ವಾಪಸ್ಸು ಹೋಗಿ ನಿಲ್ಲುವುದು. ಆ ನಾಲ್ಕು ದನ ಅವಳಿಗೂ ಆ ಅಂಗಳಕ್ಕೂ ನಡುವಿನ ಬೇಲಿಯಾಗಿದ್ದವು.

ಹಾಗಾಗಿ ಅವಳು ದಿನಾ ಹುಂಚದ ರಸ್ತೆ ಬದಿಗೆ ನಡೆದುಹೋಗಿ, ಬಸ್ಸಿನ ಧೂಳು ಕೂತ ಹುಲ್ಲು ಕೊಯ್ದು ಹೊತ್ತು ತರುತ್ತಿದ್ದಳು. ಕೌಲಿ ಆ ಹುಲ್ಲನ್ನು ಕೆಡವಿಕೊಂಡು ಅದರ ಮೇಲೇ ಮಲಗುತ್ತಿತ್ತು. ಎರಡು ಸಲ ಹಗ್ಗ ಕಿತ್ತುಕೊಂಡು ಗುಡ್ಡ ಹತ್ತಿತು. ಗುಡ್ಡದ ದಾರಿಯಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿದ್ದರು. ಎರಡನೆಯ ಸಲ ಬಿದ್ದ ಫೋಟೋವನ್ನು ಸುಚಿತ್ರಾ ತಂದು ತೋರಿಸಿದಳು. ಫೋಟೋ ತುಂಬ ಕೌಲಿಯ ಒದ್ದೆ ಮೂಗು.

"ಆಧಾರ್ ಕಾರ್ಡಲ್ಲಿ ನನ್ನ ಮುಖವೇ ಇಷ್ಟು ಚಂದ ಬಂದಿಲ್ಲ" ಎಂದ ಗುತ್ಯಪ್ಪ. ಯಾರೂ ನಗಲಿಲ್ಲ. ಮೂರನೆಯ ಸಲ ಸಿಕ್ಕಿಬಿದ್ದರೆ ಅದುವರೆಗೆ ಕೊಟ್ಟ ಎರಡೂವರೆ ಲಕ್ಷವನ್ನೂ ವಾಪಸ್ಸು ಪಡೆಯುತ್ತಾರೆ ಎಂಬುದು ಆ ಸಣ್ಣಕ್ಷರದ ಹಾಳೆಯಲ್ಲಿತ್ತು.

ಅಂದು ಸಂಜೆ ಊರು ಅವಳ ಅಂಗಳಕ್ಕೆ ಬಂತು.

"ನಿನ್ನ ನಾಲ್ಕು ಜೀವಕ್ಕೆ ನಮ್ಮೆಲ್ಲರ ಕುತ್ತಿಗೆ ಕೊಡ್ಬೇಕನೆ?" ಎಂದ ದುರ್ಗೇಶ್. "ಹೇಳು, ನಾಳೆನೇ ಗಾಡಿ ತರ್ತೀನಿ. ರೇಟು ಬೇರೆಯೋರಿಗಿಂತ ಜಾಸ್ತಿ ಕೊಡ್ಸ್ತೀನಿ."

"ಹಗ್ಗ ಬಿಟ್ಟು ಸರಪಳಿ ಹಾಕ್ತೀನಿ. ಗಾಡಿ ಬ್ಯಾಡ."

ಸರಪಳಿ ಹಾಕಿದಳು. ಆಮೇಲೆ ನೇರಲಸರದಲ್ಲಿ ಕೊಟ್ಟಿಗೆಯ ಹೊರಗೂ ಒಂದು ಕಾವಲು ಹುಟ್ಟಿತು. ಡೇರಿಗೆ ಹೋಗುವವರು, ನೀರಿಗೆ ಹೋಗುವವರು, ಯಾರೇ ಹಾದುಹೋದರೂ ಒಮ್ಮೆ ಬಗ್ಗಿ ಒಳಗೆ ನೋಡುತ್ತಿದ್ದರು. ನಾಲ್ಕೂ ಇವೆಯಾ ಎಂದು. ಹಿಂದೆ ಅದೇ ಜನ ಅವಳ ಕೈಗೆ ಇಡೀ ಊರಿನ ದನ ಒಪ್ಪಿಸಿ ನಿಶ್ಚಿಂತೆಯಾಗಿ ಮಲಗುತ್ತಿದ್ದರು.

ಮೂರನೆಯ ವರ್ಷ ದೀಪಾವಳಿಯ ಹಿಂದುಮುಂದು ಸುಚಿತ್ರಾ ಒಂದು ವಾರ ಗುಡ್ಡದಲ್ಲೇ ಇದ್ದಳು. ಚೌಕಟ್ಟು ಇಟ್ಟು ಹುಲ್ಲು ಅಳೆದಳು, ಹಕ್ಕಿ ಎಣಿಸಿದಳು. ಎಂಟನೆಯ ದಿನ ಸಭೆ ಕರೆದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಗುಡ್ಡದ ಹುಲ್ಲು ಹಾಳಾಗ್ತಿದೆ" ಎಂದಳು. "ಯಾರೂ ಮೇಯದೆ ಉದ್ದ ಬೆಳೆದು, ಒಣಗಿ, ಅಲ್ಲೇ ಮಲಗಿಬಿಟ್ಟಿದೆ. ಅಡಿಯಲ್ಲಿ ಚಿಗುರು ಬರ್ತಿಲ್ಲ. ಅಂಚಿಂದ ಕಮ್ಯುನಿಸ್ಟ್ ಕಳೆಗಿಡ ನುಗ್ತಿದೆ. ಹುಲ್ಲಲ್ಲಿ ಗೂಡು ಕಟ್ಟೋ ಹಕ್ಕಿಗಳು ಅರ್ಧಕ್ಕರ್ಧ ಕಡಿಮೆ."

"ದನದ ಬಾಯಿ ಬೀಳ್ದಿದ್ರೆ ಮತ್ತೆಂತ ಆಗ್ತದೆ" ಎಂದ ಗುತ್ಯಪ್ಪ. "ಇದನ್ನ ಮೊದ್ಲೇ ಕೇಳಿದ್ರೆ ನಾವೇ ಹೇಳ್ತಿದ್ವಿ."

"ಮೇಲಿನವರು ಕೇಳಲಿಲ್ಲ" ಎಂದಳು ಸುಚಿತ್ರಾ. "ನಾನೂ ಕೇಳಲಿಲ್ಲ." ಆಮೇಲೆ ಹೊಸ ಆದೇಶ ಓದಿದಳು. ಈಗಿನಿಂದ ಗುಡ್ಡವನ್ನು ಭಾಗ ಮಾಡಿ, ಭಾಗಕ್ಕೆ ಇಷ್ಟು ದಿನ ಎಂದು ದನ ಮೇಯಿಸಬೇಕು. ಉಳಿದ ವರ್ಷಗಳ ಹಣ ಅದಕ್ಕೇ. ನೋಂದಾಯಿತ ದನಗಾಹಿಯ ನೋಂದಾಯಿತ ಮಂದೆ ಗುಡ್ಡ ಹತ್ತಬೇಕು. ಸೋಮವಾರ ಎಲ್ಲ ದನಗಳ ಕಿವಿಗೆ ಸಂಸ್ಥೆಯ ನೀಲಿ ಓಲೆ ಹಾಕಲಾಗುತ್ತದೆ, ಒಂದರಿಂದ ಅರವತ್ಮೂರರವರೆಗೆ.

ಜಗಲಿಯಲ್ಲಿದ್ದವರೆಲ್ಲ ಭಟ್ಟರ ಮುಖ ನೋಡಿದರು.

"ದನ ಇದಾವೆ ತಾನೆ?" ಎಂದಳು ಸುಚಿತ್ರಾ. "ಕಂಡೀಷನ್ನಲ್ಲಿದೆ, ಮಂದೆ ಮಾರೋ ಹಾಗಿಲ್ಲ ಅಂತ. ದನಗಾಹಿಗಳ ಬದುಕು ಉಳೀಲಿ ಅಂತಲೇ ಅದನ್ನ ಹಾಕಿರೋದು."

ಭಟ್ಟರು ಎದ್ದರು. "ಇದಾವೆ, ಇದಾವೆ. ಮೇವಿಲ್ಲ ಅಂತ ನೆಂಟರ ಊರಲ್ಲಿ ಕಟ್ಟಿಸಿದೀವಿ. ಸೋಮವಾರ ಬನ್ನಿ ನೀವು."

ಅವಳು ಹೋದ ಮೇಲೆ ಯಾರೂ ಏಳಲಿಲ್ಲ. ಭಟ್ಟರು ಆಗಲೇ ಯೋಚನೆ ಮುಗಿಸಿದ್ದರು. ದುರ್ಗೇಶನಿಗೆ ನಾಲ್ಕು ದಿಕ್ಕಿನ ಊರೂ ಗೊತ್ತು. ಮೇಳಿಗೆಯಿಂದ ಇಪ್ಪತ್ತು, ಹುಂಚದಿಂದ ಹದಿನೈದು, ಆನಂದಪುರದ ಕಡೆಯಿಂದ ಉಳಿದದ್ದು. ಒಂದು ದಿನದ ಬಾಡಿಗೆಗೆ ತರುವುದು, ಓಲೆ ಹಾಕಿಸುವುದು, ರಂಗಮ್ಮ ಗುಡ್ಡ ಹತ್ತಿಸಿ ಇಳಿಸುವುದು, ರಾತ್ರಿಯೊಳಗೆ ಅವರವರ ದನ ಅವರವರಿಗೆ.

"ಮದುವೆಗೆ ಕುರ್ಚಿ ತರ್ಸಿದ ಹಂಗೆ" ಎಂದ ದುರ್ಗೇಶ್.

"ಮುಂದಿನ ಸಲ ಎಣ್ಸಕ್ಕೆ ಬಂದಾಗ?" ಎಂದು ಕೇಳಿದಳು ರಂಗಮ್ಮ.

"ಮತ್ತೆ ತರ್ಸದು."

"ಓಲೆ ಹಾಕಿದ ದನ ಮೇಳಿಗೇಲಿ ಸತ್ರೆ? ಯಾರೋ ಮಾರಿದ್ರೆ? ಅದಕ್ಕೂ ನಾನೇ ಉತ್ರ ಹೇಳದ? ಮೂರು ತಾಲ್ಲೂಕಿನ ದನಕ್ಕೆ?"

ದುರ್ಗೇಶ್ ಗಾಡಿಯ ಕೀಲಿ ತಿರುಗಿಸುತ್ತಾ ಕೂತ.

"ಇದ್ದದ್ದು ಇದ್ದ ಹಂಗೆ ಹೇಳನ" ಎಂದಳು. "ಅವತ್ತು ಸರದಿ ಭಟ್ರ ಮನೇದು, ಕೋಲು ನನ್ನ ಕೈಯಾಗೆ ಇತ್ತು, ಬರ್ದಿದ್ದು ತಪ್ಪು. ದುಡ್ಡು ಎಲ್ಲರೂ ತಗಂಡಿದೀವಿ, ಎಲ್ಲರೂ ಮಾರಿದೀವಿ. ಹದಿನಾಲ್ಕು ಮನೇನೂ ಒಟ್ಟಿಗೆ ಹೋಗಿ ಹೇಳನ."

"ಮಾರಿದೀವಿ ಅಂತ ಎಂತಕ್ಕೆ ಅಂತೀಯ, ನೀ ಮಾರಿಲ್ವಲ್ಲ" ಎಂದು ಹಿಂದಿನಿಂದ ಯಾರೋ ಅಂದರು. ನಾಲ್ಕು ಜನ ನಕ್ಕರು. ಉಳಿದವರು ಚಪ್ಪಲಿ ಹುಡುಕತೊಡಗಿದರು.

ರಂಗಮ್ಮ ಭಟ್ಟರ ಮನೆವರೆಗೂ ಹಿಂದೆಯೇ ಹೋದಳು. ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಅವರು ಒಳಗೆ ಹೋದರು. ಅವರ ಹೆಂಡತಿ ಅನ್ನಪೂರ್ಣೇಶ್ವರಿಯ ದನಿ ಹೊರಗೆ ಕೇಳಿತು. "ಪಾಪ, ರಂಗಮ್ಮ ಒಂದರ ಮೇಲೇ ಹಾಕದು ಸರಿಯಲ್ಲ. ಎಂಗಳ ಸರದಿಗೆ ಹೋಗಿ ಸಿಕ್ಕಿಬಿದ್ದದ್ದು ಅದು."

"ಎಂಗಳ ಹೆಸರು ಕಾಗದದಲ್ಲಿ ಎಲ್ಲೂ ಇಲ್ಲೆ. ಈಗ ಬಪ್ಪದೂ ಬ್ಯಾಡ" ಎಂದರು ಭಟ್ಟರು.

ಮನೆಮಾತಿನಲ್ಲಿ ಹೇಳಿಕೊಂಡರೆ ಅಂಗಳದಲ್ಲಿರುವವರಿಗೆ ತಿಳಿಯುವುದಿಲ್ಲ ಎಂದು ಆ ಮನೆಯವರು ಎಷ್ಟು ತಲೆಮಾರಿನಿಂದ ನಂಬಿದ್ದರೋ. ಅಷ್ಟೇ ತಲೆಮಾರಿನಿಂದ ಅಂಗಳದವರಿಗೆ ತಿಳಿಯುತ್ತಿತ್ತು. ರಂಗಮ್ಮ ಅವರು ಹೊರಗೆ ಬರುವುದನ್ನು ಕಾಯದೆ ಹೊರಟಳು.

ಭಾನುವಾರ ಗಂಡನ ಜೊತೆ ಸಿಗ್ನಲ್ ಸಿಗುವ ಕಟ್ಟೆಯ ಮೇಲೆ ನಿಂತು ಸುಚಿತ್ರಾಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ನೀವು ನನಗೆ ಫೋನ್ ಮಾಡಲೇ ಇಲ್ಲ ಅಂದ್ಕೋತೀನಿ" ಎಂದಳು ಸುಚಿತ್ರಾ. "ಮಂದೆ ಇಲ್ಲ ಅಂತ ನಾನು ಬರೆದ್ರೆ ವಸೂಲಿ ನೋಟಿಸ್ ಬರೋದು ನಿಮ್ಮೊಬ್ಬರಿಗೆ. ಸಹಿ ನಿಮ್ಮದು, ಅಕೌಂಟ್ ನಿಮ್ಮದು. ಬೇರೆಯವರಿಗೆ ಹಂಚಿದ್ದಕ್ಕೆ ಸಾಕ್ಷಿ ಎಲ್ಲಿದೆ ರಂಗಮ್ಮಾ?"

"ಹದಿನಾಲ್ಕು ಮನೆ ಜನ ಇದಾರೆ."

"ಅವರು ಹೇಳ್ತಾರಾ?"

ರಂಗಮ್ಮ ಫೋನು ಗಂಡನ ಕೈಗೆ ಕೊಟ್ಟಳು. ಕಟ್ಟೆ ಇಳಿಯುವಾಗ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಸುಳ್ಳು ಹೇಳಿದರೆ ತನ್ನದಲ್ಲದ ಐವತ್ತೊಂಬತ್ತು ದನಗಳಿಗೆ ಇನ್ನೆರಡು ವರ್ಷ ಒಡತಿ. ನಿಜ ಹೇಳಿದರೆ ತಾನು ತಿನ್ನದ ಹಣಕ್ಕೆ ಸಾಲಗಾರ್ತಿ. ದನ ಮಾರದೆ ಉಳಿಸಿಕೊಂಡ ಒಬ್ಬಳೇ ಒಬ್ಬಳು, ದನ ಮಾರಿದ ತಪ್ಪಿಗೆ ಸಿಕ್ಕಿಬಿದ್ದಿದ್ದಳು.

ಸೋಮವಾರ ಬೆಳಿಗ್ಗೆ ಏಳಕ್ಕೇ ಶಾಲೆಯ ಬಯಲಿನಲ್ಲಿ ಪಿಕಪ್‌ಗಳು ಬಂದು ನಿಂತವು. ಇಳಿದ ದನಗಳಿಗೆ ಒಂದರ ಗುರುತು ಒಂದಕ್ಕಿಲ್ಲ. ಹಾಯುತ್ತಿದ್ದವು, ಬಂದ ದಾರಿಯತ್ತಲೇ ಓಡುತ್ತಿದ್ದವು. ದುರ್ಗೇಶ್ ಹಾಗೂ ಇನ್ನೂ ಐದಾರು ಜನ ಕೈ ಅಗಲಿಸಿ ಬೇಲಿಯಂತೆ ನಿಂತಿದ್ದರು. ಆ ಗದ್ದಲ ರಂಗಮ್ಮನ ಕೊಟ್ಟಿಗೆಗೂ ಕೇಳುತ್ತಿತ್ತು. ಅವಳು ಬಗ್ಗಿ ಕೌಲಿಯ ಸರಪಳಿ ಬಿಚ್ಚುತ್ತಿದ್ದಳು.

ಗುತ್ಯಪ್ಪ ಬಾಗಿಲಲ್ಲಿ ನಿಂತ. "ಬಯಲಿಗಾ?"

"ಗುಡ್ಡಕ್ಕೆ."

"ಬಾಡಿಗೆ ದನ?"

"ತಂದೋರು ಕಾಯ್ಲಿ."

"ನೋಟಿಸ್ ಬರ್ತದೆ. ಗದ್ದೆ ಮ್ಯಾಲೆ ಬರ್ತದೆ."

"ಗೊತ್ತದೆ."

"ಗೊತ್ತಿದ್ದೂ?"

ಅವಳು ಎರಡನೆಯ ಸರಪಳಿಗೆ ಕೈ ಹಾಕಿದಳು. ತುಕ್ಕು ಹಿಡಿದು ಬಿಗಿಯಾಗಿತ್ತು. "ನಾಲ್ಕು ದನಕ್ಕೆ ಹುಲ್ಲು ಹೊತ್ತು ಹೊತ್ತು ನನ್ನ ಕುತ್ತಿಗೆ ಇಳಿದದೆ. ಇನ್ನು ಆ ಸುಳ್ಳಿಗೂ ದಿನಾ ಹುಲ್ಲು ತಂದು ಹಾಕಕ್ಕೆ ನನ್ನ ಹತ್ರ ಆಗಲ್ಲ. ಗದ್ದೆ ಹೋಗದಾದ್ರೆ ನಾ ಮಾಡಿದ್ದಕ್ಕೆ ಹೋಗ್ಲಿ."

ಗುತ್ಯಪ್ಪ ಕಲ್ಲೊಂದನ್ನು ತಂದು ಸರಪಳಿಯ ಕೊಂಡಿಗೆ ಎರಡೇಟು ಹಾಕಿದ. ಬಿಚ್ಚಿತು.

ಎರಡು ವರ್ಷ ಕಟ್ಟಿ ನಿಂತ ಕಾಲು. ಆದರೂ ಕೌಲಿ ದಾರಿ ಕೇಳಲಿಲ್ಲ. ಮೂಗು ಎತ್ತಿ ಒಮ್ಮೆ ಮೂಸಿ, ತೋಟದ ಬದಿಯ ಕಾಲುದಾರಿ ಹಿಡಿದು ನಡೆಯಿತು. ಹಿಂದೆ ಮಕ್ಕಳು, ಅವುಗಳ ಹಿಂದೆ ಗುಡ್ಡವನ್ನೇ ಕಾಣದ ಕರು. ಕ್ಯಾಮೆರಾ ಕಟ್ಟಿದ ಮರದ ಮುಂದೆ ರಂಗಮ್ಮ ಬೇಕೆಂದೇ ನಿಧಾನ ಮಾಡಿದಳು. ತಲೆಯ ಮೇಲಿನ ಸೆರಗು ಸರಿಸಿದಳು.

ಮರ ಮುಗಿದು ಗುಡ್ಡ ತೆರೆದುಕೊಳ್ಳುವಲ್ಲಿ ಕೌಲಿ ನಿಂತುಬಿಟ್ಟಿತು.

ಮುಂದೆ ದಾರಿ ಇರಲಿಲ್ಲ. ತಲೆಮಾರುಗಳಿಂದ ಗೊರಸು ಬಿದ್ದು ಸವೆದಿದ್ದ ದಾರಿಯ ಮೇಲೆ ಹುಲ್ಲು ಕೌಲಿಯ ಕೊಂಬಿಗಿಂತ ಎತ್ತರಕ್ಕೆ ಬೆಳೆದು, ಒಣಗಿ, ಒಂದರ ಮೇಲೊಂದು ಬಿದ್ದು ಹೆಣೆದುಕೊಂಡಿತ್ತು. ಕೌಲಿ ಬಾಯಿ ಹಾಕಿತು. ಒಂದೆರಡು ಸಲ ಅಗಿದು ಉಗುಳಿತು. ಇನ್ನೊಂದು ಕಡೆ ಬಾಯಿ ಹಾಕಿತು. ಅಲ್ಲೂ ಬೈಹುಲ್ಲಿಗಿಂತ ಗಟ್ಟಿ ಕಡ್ಡಿ. ಕೆಂದಿ ಎದೆಯಿಂದ ನೂಕಿ ಒಳಗೆ ಹೋಗಲು ನೋಡಿತು, ಆಗಲಿಲ್ಲ. ನಾಲ್ಕೂ ದನ ತಿರುಗಿ ರಂಗಮ್ಮನ ಮುಖ ನೋಡಿದವು.

ಕೆಳಗೆ ಜೀಪಿನ ಶಬ್ದ. ಸ್ವಲ್ಪ ಹೊತ್ತಿಗೆ ಸುಚಿತ್ರಾ ಒಬ್ಬಳೇ ಹತ್ತಿ ಬಂದಳು. ಅವಳ ಕೈಯ ಚೀಲದಲ್ಲಿ ನೀಲಿ ಓಲೆಗಳು ಗಲಗಲ ಎನ್ನುತ್ತಿದ್ದವು.

"ಅಲ್ಲಿ ನಿಮ್ಮನ್ನೇ ಕಾಯ್ತಿದಾರೆ" ಎಂದಳು.

"ನೋಡ್ದ್ಯಲ್ಲ, ಅವು ನನ್ನ ದನ ಅನ್ಸ್ತದನ ನಿಂಗೆ?"

"ಇಲ್ಲ." ಸುಚಿತ್ರಾ ಟ್ಯಾಬು ತೆರೆದು ಹಿಡಿದುಕೊಂಡೇ ನಿಂತಳು. "ನಾನು ಕೆಳಗಿಂದಲೇ ಲೆಕ್ಕ ಸರಿ ಇದೆ ಅಂತ ಹಾಕಿ ಹೋಗಬಹುದಿತ್ತು. ನಿಮಗೂ ಒಳ್ಳೇದಿತ್ತು, ನನಗೂ."

"ಇಷ್ಟು ದೂರ ಹತ್ತಿ ಬಂದ್ಯಲ್ಲ. ಕಣ್ಣಿಗೆ ಕಂಡಷ್ಟು ಬರಿ."

"ನಾಲ್ಕು ಅಂತ?"

"ಕರೂನೂ ಸೇರಿ."

ಸುಚಿತ್ರಾ ಬರೆದಳು. ಬರೆದು ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಮೂವತ್ತು ದಿನದಲ್ಲಿ ನೋಟಿಸ್ ಬರುತ್ತೆ" ಎಂದಳು. "ನನ್ನ ಕೆಲಸವೂ ಹೋಗಬಹುದು."

"ನಿಂಗೆ ಬೇರೆ ಸಿಗ್ತದೆ" ಎಂದಳು ರಂಗಮ್ಮ. ಅದರಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ.

ಸುಚಿತ್ರಾ ಇಳಿದು ಹೋದಳು. ಅವಳು ಬಯಲು ಮುಟ್ಟಿದ ಹೊತ್ತಿಗೆ ಅಲ್ಲಿನ ಗದ್ದಲ ಒಮ್ಮೆ ನಿಂತು, ಮತ್ತೆ ಬೇರೆಯದೇ ದನಿಯಲ್ಲಿ ಎದ್ದಿತು. ಭಟ್ಟರು ಯಾರ ಮೇಲೋ ಕೂಗುತ್ತಿದ್ದರು. ದುರ್ಗೇಶ್ ರಂಗಮ್ಮನ ಹೆಸರು ಹಿಡಿದು ಗುಡ್ಡದತ್ತ ಕೂಗಿದ. ಆಮೇಲೆ ಹಲವರ ಬಾಯಲ್ಲಿ ಅವಳ ಹೆಸರು.

ರಂಗಮ್ಮ ಸೊಂಟದಿಂದ ಹುಲ್ಲುಗತ್ತಿ ತೆಗೆದಳು. ಕೌಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಣಹುಲ್ಲಿನ ಒಂದು ಹಿಡಿ ಬುಡಕ್ಕೆ ಹಿಡಿದು ಕೊಯ್ದು ಬದಿಗೆ ಎಸೆದಳು. ಇನ್ನೊಂದು ಹಿಡಿ. ಕೈಯ ಚರ್ಮ ಗೀರಿತು. ಅಡಿಯಲ್ಲಿ ಬೆಳಕು ಕಾಣದೆ ಬಿಳಿಚಿದ್ದ ನೆಲ. ಇನ್ನೂ ನಾಲ್ಕು ಹಿಡಿ ಕೊಯ್ದ ಮೇಲೆ ಬೆರಳುಗಾತ್ರದ ಚಿಗುರಿನ ಒಂದು ಗುಡ್ಡೆ ಸಿಕ್ಕಿತು. ಕೌಲಿ ಅವಳ ಭುಜವನ್ನೇ ನೂಕಿಕೊಂಡು ಅದಕ್ಕೆ ಬಾಯಿ ಹಾಕಿತು.

ಗುತ್ಯಪ್ಪ ಏದುಸಿರು ಬಿಡುತ್ತಾ ಬಂದ. "ಎಲ್ಲರೂ ಹತ್ತಿ ಬರ್ತಿದಾರೆ ಕಣೆ. ಭಟ್ರೂ ಬರ್ತಿದಾರೆ."

ಗುಡ್ಡ ಮೂರು ಮೈಲಿ ಉದ್ದ ಇತ್ತು. ರಂಗಮ್ಮ ತಲೆ ಎತ್ತಲಿಲ್ಲ.

"ಬರೋರಿಗೆ ಕತ್ತಿ ತಗಂಡು ಬರಕ್ಕೆ ಹೇಳಿ" ಎಂದಳು.